ಪಂಪು ಗೂಡಿನ ಬಲ್ಬು

ಫರ್ಮಿನ್ ಉರಿಸಾರ್ ಜಿಪುಣ. ಇದರಲ್ಲಿ ಎರಡು ಮಾತಿಲ್ಲ. ಅಮೆರಿಕದ ನೆವಾಡದ ಎತ್ತರದ ಮರುಭೂಮಿಯಲ್ಲಿರುವ ಟಕರ್ ವೆಲ್ಸ್‌ನ ಅರವತ್ತು ಜನರೂ ಒಪ್ಪುವ ಸಂಗತಿ ಇದೊಂದೇ. ಹುಲ್ಲಿನ ಪೆಂಡಿಯ ಹುರಿಯನ್ನು ಅವನು ಕತ್ತರಿಸಿದ್ದನ್ನು ಯಾರೂ ಕಂಡಿಲ್ಲ. ಹಲ್ಲಿನಿಂದಾದರೂ ಗಂಟು ಬಿಚ್ಚಿ ಉಂಡೆ ಸುತ್ತಿಡುತ್ತಾನೆ. ಊರವರೆಲ್ಲ ಸೇರಿ ಉಣ್ಣುವ ದಿನ ಬೇರೆಯವರ ತಟ್ಟೆಯಲ್ಲಿ ಉಳಿದ ಮೂಳೆಯನ್ನು ನಾಯಿಗೆಂದು ಕಟ್ಟಿಕೊಂಡು ಹೋಗುತ್ತಾನೆ. ಅವನ ನಾಯಿ ಸತ್ತು ಮೂರು ವರ್ಷವಾಯಿತು.

ಇಂಥವನಿಂದ ಮನೆ ಕೊಳ್ಳುವ ಗತಿ ಲವೀನಾ ಟ್ರಿಪ್‌ಗೆ ಬಂದದ್ದು ಮೊಣಕಾಲಿನ ದೆಸೆಯಿಂದ. ಮೂವತ್ತೊಂದು ವರ್ಷ ಶಾಲೆಯ ಬಸ್ಸು ಓಡಿಸಿದವಳು. ಕ್ಲಚ್ಚು, ಬ್ರೇಕು ತುಳಿದು ತುಳಿದು ಎರಡೂ ಮೊಣಕಾಲು ಸವೆದಿದ್ದವು. ಬಾಗಿಲು ಹಾಕಿದ ಹೋಟೆಲೊಂದರ ಮಾಳಿಗೆಯಲ್ಲಿ ಬಾಡಿಗೆಗಿದ್ದಳು. ಹೊರಗಿನಿಂದ ಹದಿನೇಳು ಕಬ್ಬಿಣದ ಮೆಟ್ಟಿಲು. ಹೋದ ಜನವರಿಯಲ್ಲಿ ಹಿಮಗಟ್ಟಿದ ಮೆಟ್ಟಿಲಿನಿಂದ ಜಾರಿ, ಯಾರಾದರೂ ಬರುವವರೆಗೆ ಒಂದು ಗಂಟೆ ಕೆಳಗೇ ಕುಳಿತಿದ್ದಳು. ಇನ್ನೊಮ್ಮೆ ಬಿದ್ದರೆ ಆಸ್ಪತ್ರೆಯ ಪಕ್ಕದಲ್ಲೇ ಮನೆ ಮಾಡಬೇಕಾಗುತ್ತದೆ ಎಂದರು ಡಾಕ್ಟರು. ಆಸ್ಪತ್ರೆ ನೂರಿಪ್ಪತ್ತು ಮೈಲಿ ದೂರ. ಊರಿನಲ್ಲಿ ಉಳಿಯಬೇಕಾದರೆ ಹಿಮ ಬೀಳುವ ಮುಂಚೆ ಮೆಟ್ಟಿಲಿಲ್ಲದ ಮನೆ ಸಿಗಬೇಕು. ಊರಿನ ಮನೆಗಳೋ, ಬೇರೆಲ್ಲೋ ಕಟ್ಟಿ, ಚಕ್ರದ ಮೇಲೆ ಎಳೆದು ತಂದು ಇಟ್ಟಿಗೆಯ ಮೇಲೆ ಕೂರಿಸಿದಂಥವು. ಒಂದೊಂದಕ್ಕೂ ನಾಲ್ಕೈದು ಮೆಟ್ಟಿಲು. ನೆಲಕ್ಕೆ ಅಂಟಿಕೊಂಡ ಒಂದೇ ಒಂದು ಮನೆ ಫರ್ಮಿನ್‌ನದು. ಕಣ್ಣು ಮಂಜಾಗಿ ಅವನ ಲೈಸೆನ್ಸು ಹೋಗಿತ್ತು. ಗಾಡಿ ಓಡಿಸಲಾರದವನು ಇಲ್ಲಿ ಬದುಕಲಾರ. ಎಲ್ಕೊ ಪಟ್ಟಣದಲ್ಲಿರುವ ತಂಗಿಯ ಮನೆಗೆ ಹೊರಟಿದ್ದ.

ಬೆಲೆ ಐದು ನಿಮಿಷದಲ್ಲಿ ಕುದುರಿತು. ಆಗಲೇ ಅವಳಿಗೆ ಅನುಮಾನ ಬರಬೇಕಿತ್ತು.

ಕರಾರಿಗೆ ಸಹಿ ಹಾಕಿದ ವಾರವೇ ಕಿಟಕಿಯ ಪರದೆ ಕಂಬಿಗಳು ಮಾಯವಾದವು. ಮುಂದಿನ ವಾರ ಬಟ್ಟೆ ಒಣಗಿಸುವ ತಂತಿ, ಅದರ ಮುಂದಿನ ವಾರ ಗೋಡೆಯ ಗೂಟಗಳು.

"ಗೋಡೆಗೆ ಮೊಳೆ ಹೊಡೆದಿದ್ದೆಲ್ಲ ಮನೆಗೇ ಸೇರಿದ್ದು ಅಂತ ಕಾಗದದಲ್ಲಿದೆ, ಫರ್ಮಿನ್."

"ಇದೆ. ಓದಿಸಿ ಕೇಳಿದೀನಿ. ಅದಕ್ಕೇ ಮೊಳೆ ಕಿತ್ತೆ."

ಮನೆ ಮಾರಾಟದ ದಲ್ಲಾಳಿ ಗ್ಲೆಂಡಾ ಈ ತಕರಾರು ಬಗೆಹರಿಸಲು ಪ್ರತಿ ಸಲವೂ ಎರಡು ಗಂಟೆ ಗಾಡಿ ಓಡಿಸಿಕೊಂಡು ಬಂದು, ಎರಡು ಗಂಟೆ ಓಡಿಸಿಕೊಂಡು ಹೋಗಬೇಕಿತ್ತು. "ನನ್ನ ಕೈಲಾಗಲ್ಲ ಲವೀನಾ," ಎಂದಳು. "ಮುಂದಿನ ಸಲ ನಾನು ಬರೋ ಹೊತ್ತಿಗೆ ಸೂರು ಇರುತ್ತಾ ಅಂತ ಕೇಳಿಡು."

ಸೆಪ್ಟೆಂಬರಿನಲ್ಲಿ ಫರ್ಮಿನ್ ಲವೀನಾಳನ್ನು ಮನೆಯ ಹಿಂದಕ್ಕೆ ಕರೆದುಕೊಂಡು ಹೋದ. ಅಲ್ಲೊಂದು ಹಲಗೆಯ ಗೂಡು, ಒಳಗೆ ಕೊಳವೆ ಬಾವಿಯ ಪಂಪು, ಪಂಪಿನ ಮೇಲೆ ತೂಗುವ ದಪ್ಪ ಗಾಜಿನ ಹಳೆಯ ಬಲ್ಬು.

"ಚಳಿ ಶುರುವಾದ್ಮೇಲೆ ಹೊತ್ತು ಮುಳುಗ್ತಾ ಹಾಕು, ಬಿಸಿಲು ಬಂದ್ಮೇಲೆ ಆರಿಸು. ಮರೆತ್ಯೋ, ಬೆಳಗಾಗೋದ್ರೊಳಗೆ ನೀರು ಹೆಪ್ಪುಗಟ್ಟಿ ಪೈಪು ಸೀಳಿರುತ್ತೆ. ಚಳಿಗಾಲಕ್ಕೊಂದು ಬಲ್ಬು ಬೇಕು."

"ತರ್ತೀನಿ ಬಿಡು."

"ಏನ್ ತರ್ತೀಯ? ಈಗಿನ ಬಲ್ಬು ಬೆಳಕು ಕೊಡುತ್ತೆ, ಕಾವು ಕೊಡಲ್ಲ. ಅಂಚೆ ಕಚೇರಿ ಬೆಟಿ ಅದನ್ನೇ ಹಾಕಿ, ಮೂರು ವಾರ ಹಿಮ ಕರಗಿಸಿ ಕುಡಿದ್ಲು."

"ನಿನ್ನ ಹತ್ರ ಹಳೇವು ರಾಶಿ ಇವೆ. ಒಂದು ಕೊಟ್ರೆ ಗಂಟೇನು ಹೋಗುತ್ತೆ?"

"ನನಗೆ ಬೇಕು."

"ನಿನ್ನ ತಂಗಿ ಮನೇಲಿ ಪಂಪೂ ಇಲ್ಲ, ಗೂಡೂ ಇಲ್ಲ. ನಲ್ಲಿ ತಿರುಗಿಸಿದ್ರೆ ನೀರು. ಬಲ್ಬಿಟ್ಕೊಂಡು ಏನ್ಮಾಡ್ತೀಯ, ಮೊಟ್ಟೆಗೆ ಕಾವು ಕೊಡ್ತೀಯಾ?"

ಫರ್ಮಿನ್ ಕುರಿ ಕೊಳ್ಳಲು ಬಂದವನ ಹಾಗೆ ಅವಳನ್ನು ಮೇಲಿಂದ ಕೆಳಗೆ ನೋಡಿದ.

"ವಯಸ್ಸೆಷ್ಟು ನಿನಗೆ?"

"ಅರವತ್ತೆಂಟು. ಯಾಕೆ?"

"ನಿಮ್ಮಮ್ಮ ಎಷ್ಟಕ್ಕೆ ಹೋದ್ಲು?"

"ತೊಂಬತ್ತೊಂದಕ್ಕೆ. ಬಾಯಿ ತೆಗೀಲಾ, ಹಲ್ಲೂ ನೋಡ್ತೀಯಾ?"

"ಬೇಡ," ಎಂದು ಗಂಭೀರವಾಗಿ ಹೇಳಿ ಗೂಡಿನ ಬಾಗಿಲು ಮುಚ್ಚಿದ.

ಲವೀನಾ ಈ ಕತೆಯನ್ನು ವಾರಗಟ್ಟಲೆ ಊರಿನ ಅಂಗಡಿಯಲ್ಲಿ ಸಿಕ್ಕವರಿಗೆಲ್ಲ ಹೇಳಿದಳು. "ಶವದ ಪೆಟ್ಟಿಗೆಗೆ ಅಳತೆ ತಗೊಂಡ್ನಲ್ಲೇ," ಎಂದು ಬೆಟಿಯ ಹತ್ತಿರ ಕೈ ತಿರುವಿದಳು. "ಅದನ್ನೂ ಅವನೇ ಇಟ್ಕೋತಾನೆ ನೋಡು," ಎಂದಳು ಬೆಟಿ.

ಅಕ್ಟೋಬರಿನ ಕೊನೆಯಲ್ಲಿ ಮನೆ ಕೈಗೆ ಬಂತು. ಫರ್ಮಿನ್ ನಸುಕಿನಲ್ಲೇ ತಂಗಿಯ ಗಂಡನ ಗಾಡಿ ಹತ್ತಿ ಹೋಗಿಬಿಟ್ಟಿದ್ದ. ಬೀಗದ ಕೈ ಕಲ್ಲಿನ ಕೆಳಗಿತ್ತು. ಗುಡ್ಡಗಳ ತಲೆ ಆಗಲೇ ಬೆಳ್ಳಗಾಗಿತ್ತು. ಲವೀನಾ ಬಾಗಿಲು ತೆರೆದಳು. ಕಾಲನ್ನು ಎತ್ತಲಿಲ್ಲ, ಸುಮ್ಮನೆ ನಡೆದಳು, ಒಳಗಿದ್ದಳು. ಬಾಗಿಲಲ್ಲೇ ಅರೆಗಳಿಗೆ ನಿಂತು, ಹೊರಗೆ ಹೋಗಿ, ಮತ್ತೊಮ್ಮೆ ಒಳಗೆ ಬಂದಳು.

ಆಮೇಲೆ ಸ್ವಿಚ್ಚು ಒತ್ತಿದಳು. ದೀಪ ಹತ್ತಲಿಲ್ಲ. ತಲೆಯೆತ್ತಿ ನೋಡಿದರೆ ಹೋಲ್ಡರು ಬರಿದು. ಅಡುಗೆಮನೆ, ಮಲಗುವ ಕೋಣೆ, ಬಚ್ಚಲು, ಎಲ್ಲೆಲ್ಲೂ ಅಷ್ಟೆ. ಒಂದೇ ಒಂದು ಬಲ್ಬನ್ನೂ ಬಿಟ್ಟಿರಲಿಲ್ಲ. ಶಾಲೆಯ ಮಕ್ಕಳೆದುರು ಮೂವತ್ತೊಂದು ವರ್ಷ ನುಂಗಿಕೊಂಡಿದ್ದ ಬೈಗುಳಗಳು ಒಟ್ಟಿಗೆ ಹೊರಬಿದ್ದವು. ಅಷ್ಟರಲ್ಲಿ ಅವಳಿಗೆ ಪಂಪಿನ ಮೇಲಿನ ಬಲ್ಬು ನೆನಪಾಯಿತು. ಅದನ್ನೂ ಕಿತ್ತುಕೊಂಡು ಹೋಗಿದ್ದರೆ ನಾಳೆ ಬೆಳಿಗ್ಗೆ ಪೈಪಿಲ್ಲ, ನೀರಿಲ್ಲ. ಚಳಿಗಾಲ ಕಳೆಯಲು ಮತ್ತೆ ಆ ಹದಿನೇಳು ಮೆಟ್ಟಿಲೇ ಗತಿ. ಗೋಡೆ ಹಿಡಿದುಕೊಂಡು ಹಿತ್ತಿಲಿಗೆ ಹೋಗಿ ಗೂಡಿನ ಬಾಗಿಲು ಎಳೆದಳು.

ಬಲ್ಬು ತೂಗುತ್ತಿತ್ತು. ಪಂಪಿನ ಹಿಂದೆ ಹಲಗೆಯ ಮೇಲೆ ಒಂದು ರಟ್ಟಿನ ಪೆಟ್ಟಿಗೆ. ಒಳಗೆ ಒಂದೊಂದಾಗಿ ಪತ್ರಿಕೆಯ ಹಾಳೆಯಲ್ಲಿ ಸುತ್ತಿದ ಹಳೆಯ ಬಲ್ಬುಗಳು. ಮೇಲಿನವಕ್ಕೆ ಅಡುಗೆಮನೆಯ ಜಿಡ್ಡು ಇನ್ನೂ ಅಂಟಿತ್ತು. ಕೋಣೆಗಳಿಂದ ಕಿತ್ತವೂ ಇಲ್ಲಿಗೇ ಬಂದಿದ್ದವು. ಎಣಿಸಿದಳು, ಇಪ್ಪತ್ತೆರಡು. ತೂಗುತ್ತಿದ್ದುದನ್ನು ಸೇರಿಸಿದರೆ ಇಪ್ಪತ್ತಮೂರು, ಚಳಿಗಾಲಕ್ಕೊಂದು. ಅರವತ್ತೆಂಟಕ್ಕೆ ಇಪ್ಪತ್ತಮೂರು ಕೂಡಿಸಿದರೆ ಎಷ್ಟೆಂದು ಯಾರೂ ಅವಳಿಗೆ ಹೇಳಿಕೊಡಬೇಕಿರಲಿಲ್ಲ. ಆದರೂ ಇನ್ನೊಮ್ಮೆ ಎಣಿಸಿದಳು.

ಪೆಟ್ಟಿಗೆಯ ನಾಲ್ಕೂ ಬದಿಗೆ ಹುರಿ ಬಿಗಿದಿದ್ದ ಗುರುತಿತ್ತು. ಹುರಿಯನ್ನು ಮಾತ್ರ ಬಿಚ್ಚಿಕೊಂಡು ಹೋಗಿದ್ದ.