ಭಾವನ ಇಂಜಿನ್ನು, ಅಕ್ಕನ ಕಾಲು

ನನ್ನ ಭಾವನಿಗೆ ನಾನು ಬಹುವಚನ ಕೊಡುವುದು ಅಕ್ಕನ ಮುಖ ನೋಡಿ. ಇದನ್ನು ಮೊದಲೇ ಹೇಳಿಬಿಟ್ಟರೆ ಮುಂದಿನದು ಹೇಳಲು ಸಲೀಸು.

ಭಾವ ಉಕ್ಕಿನ ಎರಕದ ಕಾರ್ಖಾನೆಯಲ್ಲಿ ಪ್ಯಾಟರ್ನ್ ಮೇಸ್ತ್ರಿಯಾಗಿದ್ದರು. ಕರಗಿದ ಉಕ್ಕನ್ನು ಸುರಿಯುವ ಮುಂಚೆ ಮರಳಿನಲ್ಲಿ ಅಚ್ಚು ಒತ್ತಬೇಕಲ್ಲ, ಆ ಒತ್ತುವುದಕ್ಕೆ ಬೇಕಾದ ಮರದ ಮಾದರಿ ಕೆತ್ತುವ ಕೆಲಸ. ಮೂವತ್ತೊಂದು ವರ್ಷ ಕೆತ್ತಿದರು. ಕೈ ಚಿನ್ನದಂಥದ್ದು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ನಿವೃತ್ತಿಯಾದ ಮೇಲೆ ಆ ಕೈ ಸುಮ್ಮನಿರಲಿಲ್ಲ. ಹಿಂದಿನ ಕೋಣೆಯಲ್ಲಿದ್ದ ಮಂಚ ಹೊರಗೆ ಬಂತು, ಲೋಹ ಕಡೆಯುವ ಲೇತು ಒಳಗೆ ಹೋಯಿತು. ಆಮೇಲೆ ಆ ಮನೆಯಲ್ಲಿ ಒಂದು ಲೋಟ ನೀರು ಕುಡಿಯುವುದಕ್ಕೂ ನನಗೆ ಅಸಹ್ಯವಾಗತೊಡಗಿತು. ಲೋಟದ ಮೇಲೆ ಗ್ರೀಸಿನ ಬೆರಳಚ್ಚು, ಹಾಸಿಗೆಯಲ್ಲಿ ಕಬ್ಬಿಣದ ಪುಡಿ, ಅಡುಗೆಮನೆಯ ಸಿಂಕಿನಲ್ಲಿ ಸೀಮೆಎಣ್ಣೆಗೆ ನೆನೆಹಾಕಿದ ಬೋಲ್ಟುಗಳು. ಅಕ್ಕ ಅವನ್ನು ಒಂದು ಕಡೆ ಸರಿಸಿ, ಇನ್ನೊಂದು ಕಡೆ ತರಕಾರಿ ತೊಳೆಯುತ್ತಿದ್ದಳು.

ಅಕ್ಕನಿಗೆ ಎಡಗಾಲು ಮಡಿಸಲು ಬರುವುದಿಲ್ಲ. ಭಾವನಿಗೆ ಬೇಕಾಗಿದ್ದ ಒಂದು ಹಲಗೆಯನ್ನು ಅಟ್ಟದಿಂದ ಇಳಿಸಲು ಹೋಗಿ ಏಣಿಯಿಂದ ಬಿದ್ದಿದ್ದಳು. ಡಾಕ್ಟರು ಮಂಡಿಗೆ ಕಂಬಿ ಹಾಕಿದರು. ಕಾಲು ಉಳಿಯಿತು, ಮಡಿಸುವುದು ಹೋಯಿತು. ಬಸ್ಸಿನಲ್ಲಿ ಅವಳ ಕಾಲು ದಾರಿಗೆ ಅಡ್ಡವಾಗಿ ಚಾಚಿಕೊಂಡಿರುತ್ತದೆ. ದಾಟುವವರು ಗೊಣಗುತ್ತಾರೆ, ಕ್ಷಮೆ ಕೇಳುವವಳು ಅವಳು.

ನಮ್ಮ ಪಾರ್ಕಿನಲ್ಲಿ ಹವ್ಯಾಸಿಗಳ ಸಂಘವೊಂದು ಏಳೂಕಾಲು ಇಂಚು ಅಗಲದ ಪುಟ್ಟ ಹಳಿ ಹಾಕಿದೆ. ಭಾನುವಾರ ಬಂದರೆ ಜನ ಪುಟ್ಟ ಇಂಜಿನ್ನಿನ ಬೆನ್ನೇರಿ, ಮಂಡಿಯನ್ನು ಕಿವಿಯವರೆಗೆ ಮಡಚಿಕೊಂಡು ಸುತ್ತು ಹಾಕುತ್ತಾರೆ. ಒಮ್ಮೆ ನಮ್ಮ ಬೀದಿಯ ಹೆಂಗಸರೆಲ್ಲ ಕೂತು ಬಂದರು. ಅಕ್ಕ ಎಲ್ಲರ ಚೀಲ ಕಾದಳು. ಅಂದು ಸಂಜೆ ಭಾವ ತಾವೂ ಒಂದು ಇಂಜಿನ್ ಮಾಡುವುದಾಗಿ ಸಾರಿದಾಗ ಅವಳು ಕೇಳಿದಳು.

“ರೀ, ನಾನೂ ಒಂದು ಸುತ್ತು ಕೂರೋ ಹಾಗೆ ಮಾಡ್ತೀರಾ?”

“ನಿನಗೋಸ್ಕರಾನೇ ಮಾಡೋದು ಕಣೇ,” ಎಂದರು ಭಾವ.

ಅಷ್ಟು ವರ್ಷದ ಸಂಸಾರದಲ್ಲಿ ಅವಳು ತನಗೆಂದು ಬಾಯಿಬಿಟ್ಟು ಕೇಳಿದ್ದು ಅದೊಂದೇ.

ಅಲ್ಲಿಂದ ಶುರುವಾಯಿತು ಸ್ಕೇಲಿನ ಪುರಾಣ, ಅಂದರೆ ಅಸಲಿಯ ಎಷ್ಟನೇ ಪಾಲಿಗೆ ನಕಲು ಮಾಡುವುದೆಂಬ ಚರ್ಚೆ. ಹಳಿಯ ಅಗಲ ಎಲ್ಲರಿಗೂ ಒಂದೇ, ಆದರೆ ಇಂಜಿನ್ನುಗಳೆಲ್ಲ ಒಂದೇ ಗಾತ್ರದ್ದಾಗಬೇಕಿಲ್ಲ. ಅಸಲಿ ಇಂಜಿನ್ ಎಷ್ಟು ಕಿರಿದಾದ ಹಳಿಯ ಮೇಲೆ ಓಡುತ್ತಿತ್ತೋ, ಇಲ್ಲಿ ಅದರ ನಕಲು ಅಷ್ಟು ದೊಡ್ಡದಾಗುತ್ತದೆ. ದೊಡ್ಡ ಎಕ್ಸ್‌ಪ್ರೆಸ್ ಇಂಜಿನ್ನಾದರೆ ಎಂಟನೇ ಒಂದು ಪಾಲು. ನೋಡಲು ಗಂಭೀರ, ಕೂರುವುದು ಮಾತ್ರ ಬೆನ್ನ ಮೇಲೆ. ಕಲ್ಲುಗಣಿಯ ಇಂಜಿನ್ನಾದರೆ ಮೂರನೇ ಒಂದು ಪಾಲು. ಡೊಳ್ಳುಹೊಟ್ಟೆಯ ಕುಳ್ಳನಂತಿರುತ್ತದೆ, ಆದರೆ ಅಕ್ಕ ಅದರೊಳಗೇ ಇಳಿದು, ಕಾಲು ಚಾಚಿ, ಬೆನ್ನಿಗೆ ಒರಗಿ ಕೂರಬಹುದು. ಇವೆರಡರ ನಡುವೆ ಬೆಟ್ಟದ ದಾರಿಯ ಇಂಜಿನ್, ನಾಲ್ಕನೇ ಒಂದು ಪಾಲು. ನೋಡಲು ಚೆಂದ, ಒಳಗೆ ಇಕ್ಕಟ್ಟು.

ಮೂರನೇ ಒಂದು ಪಾಲೆಂದು ಮೊದಲ ದಿನವೇ ತೀರ್ಮಾನವಾಗಬೇಕಿತ್ತು. ಆಗಲಿಲ್ಲ, ಯಾಕೆಂದರೆ ಸಂಘದ ಕಾರ್ಯದರ್ಶಿ ಮೂಗು ಮುರಿದರು. ಅವರನ್ನು ಎಲ್ಲರೂ ‘ಮೀಸೆ’ ಎನ್ನುತ್ತಾರೆ, ಎದುರಿಗಲ್ಲ.

“ಗಣಿ ಗಾಡಿ ಮಾಡೋಕೆ ನೀವ್ಯಾಕೆ ಬೇಕು ಮೇಸ್ತ್ರಿ? ತಗಡು ಬಡಿಯೋನು ಸಾಕು,” ಎಂದರು ಮೀಸೆ, ಅಕ್ಕ ಕೊಟ್ಟ ಚಹಾ ಕುಡಿಯುತ್ತ, ಅವಳ ಎದುರಿಗೇ.

ಭಾವ ಹಲ್ಲು ಕಿರಿದರು. ಕಾರ್ಖಾನೆಯಲ್ಲಿ ಮ್ಯಾನೇಜರಿಗೂ ಸೊಪ್ಪು ಹಾಕದ ಮನುಷ್ಯ ಒಂದು ಮೀಸೆಯ ಮುಂದೆ ಕರಗಿ ನೀರಾಗಿದ್ದರು. ಎಂಟು ತಿಂಗಳು ಈ ಸ್ಕೇಲೋ ಆ ಸ್ಕೇಲೋ ಎಂದು ಕಾಗದ ಹರಿದು ಹಾಕಿದರು. ಹರಿದ ಕಾಗದವನ್ನೆಲ್ಲ ಗುಡಿಸಿದವಳು ಅಕ್ಕ.

ಕೊನೆಗೊಂದು ಬೆಳಗ್ಗೆ ಅಕ್ಕನನ್ನು ಗೋಡೆಗೊರಗಿಸಿ ನೆಲದ ಮೇಲೆ ಕೂರಿಸಿದರು. ಜೇಬಿನಿಂದ ತಮ್ಮ ಉಕ್ಕಿನ ಅಳತೆಪಟ್ಟಿ ತೆಗೆದು, ಬೆನ್ನಿನಿಂದ ಹಿಮ್ಮಡಿಯವರೆಗೆ ಅಳೆದರು. ನೂರಮೂರು ಸೆಂಟಿಮೀಟರ್. ನಾಲ್ಕನೇ ಒಂದು ಪಾಲಿನ ಇಂಜಿನ್ನಿನೊಳಗೆ ನೂರಮೂರೂವರೆ ಜಾಗ ಸಿಗುತ್ತಿತ್ತು.

“ಸರಿಹೋಯ್ತು ನೋಡು. ನಾಲ್ಕರಲ್ಲೊಂದೇ ಇರಲಿ,” ಎಂದರು, ದೊಡ್ಡ ಭಾರ ಇಳಿಸಿದವರ ಹಾಗೆ.

“ಅರ್ಧ ಸೆಂಟಿಮೀಟರ್ ನಂಬ್ಕೊಂಡು ಯಾರಾದ್ರೂ ಕೈ ಹಾಕ್ತಾರಾ ಭಾವ?” ಎಂದೆ. ನಾನು ಹೊಲಿಗೆಯವಳು. ಎರಡು ಬೆರಳು ಸಡಿಲ ಬಿಡದೆ ಬಟ್ಟೆಗೆ ಕತ್ತರಿ ಹಾಕುವುದಿಲ್ಲ.

“ಇದು ರವಿಕೆ ಅಲ್ಲಮ್ಮ, ಇಂಜಿನಿಯರಿಂಗು.”

ಮೂರು ವರ್ಷ ನಡೆಯಿತು. ತಗಡುಗಳನ್ನು ನಕ್ಷೆಯ ಪ್ರಕಾರ ಹೊರಗಿನ ವರ್ಕ್‌ಶಾಪಿನಲ್ಲಿ ಕತ್ತರಿಸಿಕೊಂಡು ತಂದರು, ಚಕ್ರದ ಮಾದರಿಗಳನ್ನು ತಾವೇ ಕೆತ್ತಿದರು. ಅಕ್ಕ ಮರಳುಕಾಗದ ಉಜ್ಜಿ ಉಜ್ಜಿ ಬೆರಳ ತುದಿ ಸವೆಸಿಕೊಂಡಳು. ಹಸಿರು ಬಣ್ಣ ಬಳಿದ ದಿನ ಮೀಸೆ ಬಂದು ಭಾವನ ಬೆನ್ನು ತಟ್ಟಿದರು. ಅಕ್ಕನಿಗೆ ಒಂದು ಮಾತೂ ಇಲ್ಲ.

ಓಡಿಸುವ ಭಾನುವಾರ ಬಂತು. ಸಂಘದವರೆಲ್ಲ ಸುತ್ತ ನಿಂತಿದ್ದರು. ನಾನೂ ಭಾವನೂ ಅಕ್ಕನ ತೋಳು ಹಿಡಿದು ಒಳಗಿಳಿಸಿದೆವು. ಬಲಗಾಲು ಮಡಚಿಕೊಂಡಳು. ಎಡಗಾಲಿನ ಹಿಮ್ಮಡಿ ಮುಂದಿನ ತಗಡಿಗೆ ತಾಗಿತು, ಆದರೆ ಅವಳಿನ್ನೂ ಪೂರ್ತಿ ಕೆಳಗಿಳಿದಿರಲಿಲ್ಲ. ಮತ್ತೆ ಪ್ರಯತ್ನಿಸಿದಳು. ಹಿಮ್ಮಡಿಯ ಚರ್ಮ ಕಿತ್ತು ರಕ್ತ ಜಿನುಗಿತು.

“ಜಾಗ ಇದೆ, ನೀನೇ ಸರಿಯಾಗಿ ಕೂರ್ತಿಲ್ಲ,” ಎಂದರು ಭಾವ.

ಥೂ ಎಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ಅವಳನ್ನು ಹುಲ್ಲಿನ ಮೇಲೆ ಕೂರಿಸಿ, ಚೀಲದಿಂದ ನನ್ನ ಟೇಪು ತೆಗೆದು ಅಳೆದೆ. ನೂರೈದು. ಭಾವ ತಮ್ಮ ಪಟ್ಟಿಯಿಂದ ಅಳೆದರು. ನೂರಮೂರು. ಟೇಪನ್ನೂ ಪಟ್ಟಿಯನ್ನೂ ಪಕ್ಕಪಕ್ಕ ಹಿಡಿದೆ. ಭಾವನ ಮುಖ ಕಪ್ಪಿಟ್ಟಿತು.

ಕರಗಿದ ಉಕ್ಕು ಆರಿದಾಗ ನೂರಕ್ಕೆ ಎರಡರಷ್ಟು ಕುಗ್ಗುತ್ತದೆ. ಅದಕ್ಕೆಂದೇ ಪ್ಯಾಟರ್ನ್ ಮೇಸ್ತ್ರಿಯ ಪಟ್ಟಿಯಲ್ಲಿ ಒಂದೊಂದು ಸೆಂಟಿಮೀಟರನ್ನೂ ಅಷ್ಟು ಹಿಗ್ಗಿಸಿ ಕೊರೆದಿರುತ್ತಾರೆ. ಮೂವತ್ತೊಂದು ವರ್ಷ ಆ ಪಟ್ಟಿ ಹಿಡಿದ ಕೈ, ಹೆಂಡತಿಯ ಕಾಲಿಗೂ ಅದನ್ನೇ ಹಿಡಿದಿತ್ತು. ಹೊರಗೆ ಕತ್ತರಿಸಿದ ತಗಡು ಮಾತ್ರ ಮಾಮೂಲಿ ಸೆಂಟಿಮೀಟರಿನದು. ಅಕ್ಕನ ಕಾಲೇನು ಎರಕ ಹೊಯ್ದದ್ದೇ, ಆರಿ ಕುಗ್ಗುವುದಕ್ಕೆ?

ತಪ್ಪು ಯಾರಿಗಾದರೂ ಆಗುತ್ತದೆ. ನಾನೂ ತೋಳನ್ನು ಉಲ್ಟಾ ಹೊಲಿದು ಬಿಚ್ಚಿದ್ದೇನೆ. ಅದಕ್ಕೆ ನನಗೆ ಹೇಸಿಗೆಯಿಲ್ಲ. ಹೇಸಿಗೆ ಹುಟ್ಟಿದ್ದು ಆಮೇಲೆ.

“ಹಿಂದಿನ ತಗಡು ಬಿಚ್ಚಿ ಎರಡು ಬೆರಳು ಹಿಂದಕ್ಕೆ ತಳ್ಳಿ ಭಾವ. ಎರಡು ದಿನದ ಕೆಲಸ ಅಷ್ಟೇ,” ಎಂದೆ.

ಭಾವ ಅಕ್ಕನ ಕಡೆ ನೋಡಲಿಲ್ಲ, ಮೀಸೆಯ ಕಡೆ ನೋಡಿದರು.

“ತಳ್ಳಿದ್ರೆ ಸ್ಕೇಲ್ ಕೆಡ್ತದೆ ಮೇಸ್ತ್ರಿ,” ಎಂದರು ಮೀಸೆ. “ಇಂಥಾ ಕೆಲಸ ಹಾಳು ಮಾಡ್ಕೋತೀರಾ?”

“ಅದೂ ನಿಜ ಸಾರ್,” ಎಂದು ಭಾವ ತಲೆ ಕೆರೆದುಕೊಂಡರು. ಆಮೇಲೆ ಅಕ್ಕನಿಗೆ, “ಇವತ್ತೊಂದಿನ ಇರಲಿ. ನಿಂದು ಆಮೇಲೆ ನೋಡೋಣ.”

ಬೆಂಕಿ ಹಚ್ಚಿ ಹಬೆ ಏರಿತ್ತು, ಜನ ಸೇರಿದ್ದರು. ಮೀಸೆ ಒಳಗಿಳಿದು ಎರಡೂ ಮಂಡಿ ಮಡಚಿ ಕೂತರು, ಹೇಳಿ ಮಾಡಿಸಿದ ಹಾಗೆ. ಇಂಜಿನ್ ಒಂದು ಕುಲುಕೂ ಇಲ್ಲದೆ ಹೊರಟಿತು. ಅರವತ್ತು ದಾಟಿದ ನನ್ನ ಭಾವ ಅದರ ಪಕ್ಕದಲ್ಲೇ ಏದುಸಿರು ಬಿಡುತ್ತ ಓಡಿದರು, ಮೀಸೆಯ ಬಾಯಿಂದ ಏನು ಬೀಳುವುದೋ ಎಂದು ಕತ್ತು ಚಾಚಿಕೊಂಡು. ಅಕ್ಕ ನನ್ನ ಹೆಗಲು ಹಿಡಿದು ಎದ್ದು ನಿಂತು ಪೂರ್ತಿ ಸುತ್ತು ನೋಡಿದಳು. ಕಣ್ಣೀರು ಹಾಕಲಿಲ್ಲ. ಹಾಕಿದ್ದರೆ ನನಗೆ ಇಷ್ಟು ಉರಿಯುತ್ತಿರಲಿಲ್ಲ.

ಭಾವ ಬೆವರು ಸುರಿಸುತ್ತ ಬಂದರು. “ನೋಡಿದ್ಯಾ, ಅವರು ಎಷ್ಟು ಸಲೀಸಾಗಿ ಕೂತ್ರು?”

“ನೋಡಿದೆ ಕಣ್ರೀ,” ಎಂದಳು ಅಕ್ಕ. “ಅಳತೆ ತಪ್ಪಿದೆ ಅಂತ ಇವಳು ಸುಮ್ನೆ ಕೂಗಾಡಿದ್ಲು. ಏನೂ ತಪ್ಪಿಲ್ಲ. ಯಾರಿಗೆ ಅಂತ ಮಾಡಿದ್ರೋ, ಅವರಿಗೆ ಸರಿಯಾಗೇ ಇದೆ.”

ಭಾವ ಅದನ್ನು ಹೊಗಳಿಕೆ ಅಂದುಕೊಂಡು ನಕ್ಕರು, ಇನ್ನೊಂದು ಸುತ್ತಿಗೆ ಕಲ್ಲಿದ್ದಲು ತರಲು ಓಡಿದರು.