ಹಾಡಿನ ಬಾವಿ

ಆಗ ನಾನು ರೋಣದಲ್ಲಿ ನಮ್ಮ ಸೋದರಮಾವನ ಫೋಟೋ ಸ್ಟುಡಿಯೋದಲ್ಲಿ ಕೆಲಸಕ್ಕಿದ್ದೆ. ಎರಡು ಸಾವಿರದ ಇಸವಿ ದಾಟಿ ಮೂರ್ನಾಲ್ಕು ವರ್ಷವಾಗಿದ್ದರೂ ನಮ್ಮಲ್ಲಿ ಇನ್ನೂ ರೀಲಿನ ಕ್ಯಾಮೆರಾಗಳೇ. ಪಕ್ಕದ ಮನೆಯ ಮುಸ್ಲಿಂ ಅಜ್ಜಿ ಕೌದಿ ಹೊಲಿಯುತ್ತಾ ಹಾಡುತ್ತಿದ್ದ ಕಥೆಗಳಲ್ಲಿ ಹೆಣ್ಣುಮಕ್ಕಳು ಬಹಳ ಸಾಯುತ್ತಿದ್ದರು. ಒಬ್ಬಳನ್ನು ಹೊಲದಲ್ಲಿ ಕಡಿಯುತ್ತಿದ್ದರು, ಒಬ್ಬಳನ್ನು ಗುಡ್ಡದಿಂದ ನೂಕುತ್ತಿದ್ದರು. ಆ ಜಾಗಗಳು ಈಗ ಹೇಗಿವೆಯೋ ನೋಡಬೇಕೆನಿಸಿ, ರವಿವಾರಗಳಲ್ಲಿ ಕ್ಯಾಮೆರಾ ಹಿಡಿದು ಹೋಗುತ್ತಿದ್ದೆ. ಬರೀ ನೆಲ, ಕಲ್ಲು, ಆಕಾಶ ತೆಗೆಯುತ್ತಿದ್ದೆ. ಚಿತ್ರದಲ್ಲಿ ಮನುಷ್ಯರು ಇರಕೂಡದು ಎಂದುಕೊಂಡಿದ್ದೆ.

ಒಂದು ಹಾಡಿನಲ್ಲಿ ಅತ್ತೆ ಸೊಸೆಯನ್ನು ತಲೆ ಬಾಚುತ್ತೇನೆಂದು ಬಾವಿಕಟ್ಟೆಗೆ ಕರೆದೊಯ್ದು ನೂಕುತ್ತಾಳೆ. ಆ ಬಾವಿ ಗಜೇಂದ್ರಗಡದ ಗುಡ್ಡದ ಕೆಳಗಿನ ಹಳ್ಳಿಯೊಂದರಲ್ಲಿದೆ ಎಂದು ಅಜ್ಜಿ ಹೇಳಿದ್ದಳು. ಒಬ್ಬಳೇ ಹೋದೆ. ಮಧ್ಯಾಹ್ನದ ಬಿಸಿಲು, ಸುತ್ತ ಯಾರೂ ಇಲ್ಲ. ಹಾಡನ್ನು ಗುನುಗುತ್ತಾ ಕ್ಯಾಮೆರಾ ಹೊಂದಿಸುತ್ತಿದ್ದೆ.

"ಇಲ್ಲಿ ಆ ಹಾಡು ಹಾಡಬ್ಯಾಡ್ರಿ ಅಕ್ಕಾ."

ತಿರುಗಿದರೆ ಕೊಡ ಹಿಡಿದ ಹುಡುಗಿ. ಇಪ್ಪತ್ತೂ ತುಂಬಿರಲಿಕ್ಕಿಲ್ಲ, ಕೊರಳಲ್ಲಿ ಹೊಸ ತಾಳಿ.

"ಯಾಕವ್ವಾ?"

"ನಮ್ಮತ್ತಿ ಸಿಟ್ಟು ಬಂದಾಗ ಅದನ್ನ ಹಾಡ್ತಾಳ್ರಿ. ಬಾಯಿಬಿಟ್ಟು ಏನೂ ಬೈಯಂಗಿಲ್ಲ. ನನ್ನ ಮುಖ ನೋಡಿ ಹಾಡ್ತಾಳ, ಅಷ್ಟ."

ಅವಳು ಹಿಂದೆ ಮುಂದೆ ನೋಡಿ ಕೊಡ ಕೆಳಗಿಟ್ಟಳು.

"ನಂದೊಂದು ಫೋಟೋ ತಗೀರಿ. ಈ ಬಾವಿ ಕಾಣಬೇಕು. ಚಿಕ್ಕನರಗುಂದದಾಗ ನಮ್ಮವ್ವ ಅದಾಳ, ಅಕಿಗೆ ಕೊಡ್ರಿ."

"ಕೊಟ್ಟು ಏನ್ ಹೇಳ್ಲಿ?"

"ಬಾವಿ ಯಾವುದಂತ ಹೇಳ್ರಿ, ಸಾಕು."

ತಂದೆಯ ಹೆಸರು ಹೇಳಿ ಬಾವಿಕಟ್ಟೆಯ ಬದಿಗೆ ನಿಂತಳು. ನಗಲಿಲ್ಲ. ಎರಡು ಸಲ ಗುಂಡಿ ಒತ್ತಿದೆ. ಅಷ್ಟರಲ್ಲಿ ದಾರಿಯಲ್ಲಿ ಹೆಂಗಸೊಬ್ಬಳು ಬರುತ್ತಿದ್ದಳು. ಹುಡುಗಿ ತಟ್ಟನೆ ಕೊಡ ಎತ್ತಿಕೊಂಡಳು. ಬಂದವಳು ಅತ್ತೆಯೆಂದು ಯಾರೂ ಹೇಳಬೇಕಾಗಿರಲಿಲ್ಲ.

"ಯಾವೂರ್ರಿ?" ಎಂದು ನಗುತ್ತಲೇ ಕೇಳಿದಳು.

"ರೋಣ್ರಿ. ಹಳೇ ಬಾವಿ ಫೋಟೋ ತಗ್ಯಾಕ ಬಂದೀನ್ರಿ."

"ಚಲೋ ಆತು" ಎಂದು ಸೊಸೆಯ ಕಡೆ ತಿರುಗಿ, ಅಷ್ಟೇ ಮೆತ್ತಗೆ, "ಕೂದಲಾ ಹ್ಯಾಂಗ ಆಗ್ಯಾವ ನೋಡು. ಮನಿಗೆ ನಡಿ, ಬಾಚ್ತೀನಿ" ಅಂದಳು.

ಹುಡುಗಿ ನನ್ನ ಕಡೆ ನೋಡದೆ ಹೊರಟಳು. ಕೂಗಬೇಕಿತ್ತು, ಹಿಂದೆ ಹೋಗಬೇಕಿತ್ತು. ನಾನು ಮಾಡಿದ್ದು ಬಸ್ಸಿಗೆ ಓಡಿದ್ದು.

ಆ ಸಂಜೆಯೇ ಮಾವನ ಕತ್ತಲೆ ಕೋಣೆಯಲ್ಲಿ ರೀಲು ತೊಳೆದು ಪ್ರಿಂಟ್ ಹಾಕಿದೆ. ಮದ್ದಿನ ನೀರಿನೊಳಗೆ ಅವಳ ಮುಖ ನಿಧಾನ ಮೂಡುತ್ತಿದ್ದಾಗ ಕಾಗದವನ್ನು ಬಚ್ಚಲಿಗೆ ಎಸೆದು ಓಡಬೇಕೆನಿಸಿತು. ಬೆಳಿಗ್ಗೆ ನರಗುಂದಕ್ಕೆ ಹೋಗಿ, ಅಲ್ಲಿಂದ ಟೆಂಪೋ ಹಿಡಿದು ಚಿಕ್ಕನರಗುಂದ ಮುಟ್ಟಿದೆ. ದಾರಿಯುದ್ದಕ್ಕೂ ಒಂದೇ ಯೋಚನೆ: ನಾನು ಹೋಗುವಷ್ಟರಲ್ಲಿ ಕೆಟ್ಟ ಸುದ್ದಿ ಬಂದಿದ್ದರೆ?

ತಾಯಿ ಜೋಳ ಹಸನು ಮಾಡುತ್ತಿದ್ದಳು. ರೋಣದ ಸ್ಟುಡಿಯೋದವಳೆಂದು ಹೇಳಿ ಫೋಟೋ ಕೊಟ್ಟೆ, ನೋಡಿದಳು. ಬಾವಿ ಯಾವುದೆಂದು ಹೇಳಿದೆ. ಅತ್ತೆ ಹಾಡುವ ಹಾಡನ್ನೂ ಹೇಳಿದೆ. ಅವಳು ಅಳಲಿಲ್ಲ. ಮೊರವನ್ನು ಬದಿಗಿಟ್ಟು, ಹಿತ್ತಲಲ್ಲಿದ್ದ ದೊಡ್ಡ ಮಗನನ್ನು ಕೂಗಿದಳು:

"ಲಗೂ ಅಂಗಿ ಹಾಕ್ಕೋ. ತಂಗೀನ್ನ ಕರ್ಕೊಂಡ ಬರೂಣು."

ಮೂರು ದಿನ ಸುದ್ದಿಯೇ ಇಲ್ಲ. ಸ್ಟುಡಿಯೋ ಬಾಗಿಲಲ್ಲಿ ನೆರಳು ಬಿದ್ದರೂ ಬೆಚ್ಚುತ್ತಿದ್ದೆ. ನಾಲ್ಕನೆಯ ದಿನ ಆ ಅಣ್ಣ ಬಂದು ಹೊರಗೇ ನಿಂತ.

"ಮನ್ಯಾಗ ಅದಾಳ್ರಿ. ನಿದ್ದಿ ಮಾಡಾಕತ್ತಾಳ, ಬರೇ ನಿದ್ದಿ" ಎಂದ. ಹೊರಡುವಾಗ, "ಆ ರೀಲು ಹಾಂಗ ಇಟ್ಟಿರ್ರಿ. ಅತ್ತಿಮನಿಯವರು ಮತ್ತ ಕರಿಯಾಕ ಬರ್ತಾರ, ಆಗ ತೋರಸಾಕ ಬೇಕು" ಅಂದ.

ಅವರು ಬಂದರಂತೆ, ಎರಡು ಸಲ. ಅವಳು ಹೋಗಲಿಲ್ಲ.