ಅಕ್ಕನ ಎಡಗೈ

ಪುಟ್ಟಿ ಎಷ್ಟು ಹೊತ್ತಿಗೆ ಹಾಲು ಕುಡಿದಳು, ಎಷ್ಟು ಹೊತ್ತು ಮಲಗಿದಳು ಎಂದು ಬರೆದಿಡುವ ಪುಸ್ತಕ ಇದು. ಇವತ್ತಿನ ಪುಟದಲ್ಲಿ ಮಧ್ಯಾಹ್ನ ಒಂದೂ ಹತ್ತರ ಮುಂದೆ ‘ಜ್ವರ ೧೦೨’ ಎಂದಷ್ಟೇ ಇದೆ. ಅದರ ಕೆಳಗಿನ ಸಾಲುಗಳು ಖಾಲಿ. ಅವನ್ನು ಈಗ ತುಂಬಿಸುತ್ತಿದ್ದೇನೆ. ಪುಟ್ಟಿ ದೊಡ್ಡವಳಾದ ಮೇಲೆ ಅವಳ ದೊಡ್ಡಮ್ಮ ಎಂಥವಳು ಎಂದು ಕೇಳಿದರೆ ಈ ಪುಟ ಸಾಕು.

ಅಕ್ಕ ಕಾಡಿನ ಬೆಂಕಿ ಆರಿಸುವ ತಂಡವೊಂದರ ಮುಖ್ಯಸ್ಥೆ. ಹನ್ನೊಂದು ವರ್ಷದಿಂದ ಅದೇ ಕೆಲಸ, ಕೈಕೆಳಗೆ ನಾಲ್ಕು ಜನ. ಅವರೆಲ್ಲ ಅವಳನ್ನು ಬೂದಿಯಕ್ಕ ಎನ್ನುತ್ತಾರೆ. ಅಲ್ಲಿ ಎಲ್ಲರಿಗೂ ಒಂದೊಂದು ಅಡ್ಡಹೆಸರು, ಕನ್ನಡಕ ಹಾಕುವ ಹುಡುಗಿಯ ಹೆಸರೇ ‘ಕನ್ನಡಕ’. ಸುಟ್ಟ ನೆಲಕ್ಕೂ ಸುಡದ ಕಾಡಿಗೂ ನಡುವೆ ತರಗೆಲೆ ಕೆರೆದು, ಮಣ್ಣು ಕಾಣುವ ಹಾಗೆ ಒಂದು ಗೆರೆ ಕಡಿದಿರುತ್ತಾರಲ್ಲ, ಬೆಂಕಿ ಆರಿದ ಮೇಲೆ ಆ ಗೆರೆಯುದ್ದಕ್ಕೂ ಅವಳು ಒಬ್ಬಳೇ ಕೊನೆಯ ಸಲ ನಡೆಯುತ್ತಾಳೆ. ಕೈಗವಸು ಕಳಚಿ, ಬೂದಿ ಕೆದಕಿ, ಬರಿಗೈಯ ಹಿಂಬದಿಯನ್ನು ತಾಗಿಸಿ ನೋಡುತ್ತಾಳೆ. ಅಂಗೈ ಗುದ್ದಲಿ ಹಿಡಿದು ಜಡ್ಡುಗಟ್ಟಿರುತ್ತದೆ, ಅದನ್ನು ನಂಬಬಾರದಂತೆ. ಮೇಲೆ ಬೂದಿ ಆರಿದ್ದರೂ ಅಡಿಯಲ್ಲಿ ಬೇರು ದಿನಗಟ್ಟಲೆ ಒಳಗೊಳಗೇ ಉರಿಯುತ್ತಿರಬಹುದು. ಅವಳ ಬಾಯಿಂದ ‘ತಣ್ಣಗಿದೆ’ ಎಂಬ ಮಾತು ಬರುವವರೆಗೆ ಯಾರೂ ಗುದ್ದಲಿ ಕೆಳಗಿಡುವ ಹಾಗಿಲ್ಲ.

ಪುಟ್ಟಿಯ ಹಣೆ, ಸ್ನಾನದ ನೀರು, ಬಾಟಲಿಯ ಹಾಲು ಎಲ್ಲಕ್ಕೂ ನಮ್ಮ ಮನೆಯಲ್ಲಿ ಅದೇ ಕೈ. ನಾನು ಥರ್ಮಾಮೀಟರ್ ತಂದ ದಿನ ಅಕ್ಕ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. "ಇದ್ಯಾಕೆ ತಂದೆ ಕಣೇ? ನಾನೇನು ಸತ್ತೋದ್ನಾ?"

ಐದು ದಿನದ ಹಿಂದೆ ಬಾಟಲಿ ಕುದಿಸುವ ಪಾತ್ರೆಯ ಮುಚ್ಚಳವನ್ನು ನಾನು ತೆಗೆಯಬೇಕಿತ್ತು. ಪುಟ್ಟಿ ಅತ್ತಳೆಂದು ಓಡಿದೆ. ಅಕ್ಕ ತೆಗೆದಳು. ಆವಿ ಅವಳ ಬಲಗೈಯ ಹಿಂಬದಿಯನ್ನು ಬೇಯಿಸಿಬಿಟ್ಟಿತು. ನಾನೇ ಬ್ಯಾಂಡೇಜ್ ಕಟ್ಟಿದೆ. ಎರಡು ದಿನ ಬಿಟ್ಟು ಗುಡ್ಡಕ್ಕೆ ಬೆಂಕಿ ಬಿತ್ತು. "ಹೋಗ್ಬೇಡ" ಎಂದರೆ ಕೇಳುವ ಜಾತಿಯಲ್ಲ ಅವಳು.

ಇವತ್ತು ಬೆಳಿಗ್ಗೆ ಬೆಂಕಿ ಹತೋಟಿಗೆ ಬಂತು. ತಂಡ ಸಂಜೆಯವರೆಗೆ ಅಲ್ಲೇ ಕಾವಲಿರಬೇಕು. ಗೆರೆಯ ಮೇಲ್ಗಡೆ ಸುಡದ ಮರಗಳ ನೆರಳಿದೆ, ಅಲ್ಲಿ ಮಲಗಿಕೊಳ್ಳಿ ಎಂದು ಹೇಳಿ, ಬ್ಯಾಂಡೇಜ್ ಬದಲಿಸಿಕೊಳ್ಳಲು ಅಕ್ಕ ನಮ್ಮ ಮನೆಗೆ ಇಳಿದು ಬಂದಳು. ಮುಖವೆಲ್ಲ ಮಸಿ, ಕಣ್ಣೆರಡು ಮಾತ್ರ ಬಿಳಿ.

"ಬಲಗೈ ಕಟ್ಟಿಹಾಕ್ಕೊಂಡು ಬೂದಿ ಹೇಗೆ ನೋಡಿದ್ಯೇ?"

"ಎಡಗೈ ಇಲ್ವಾ? ಐಸ್ ಥರ ಇತ್ತು, ಗೆರೆ ಪೂರ್ತಿ."

ನಾನು ಲೋಟದಲ್ಲಿ ಬಿಸಿ ಟೀ ಇಟ್ಟೆ. ಪುಟ್ಟಿ ಬೆಳಿಗ್ಗೆಯಿಂದ ಮಂಕಾಗಿದ್ದಳು, ಎದೆಗೆ ಹಿಡಿದರೆ ಕೆಂಡದ ಹಾಗೆ. "ಜ್ವರ ಬಂದಿರ್ಬೇಕು, ನೋಡಕ್ಕಾ" ಎಂದೆ. ಅಕ್ಕ ಎಡಗೈಯ ಹಿಂಬದಿಯನ್ನು ಅವಳ ಹಣೆಗೆ ಇಟ್ಟಳು.

"ಎಲ್ಲಿ ಜ್ವರ? ತಣ್ಣಗಿದ್ದಾಳಲ್ಲೇ. ನಿನಗೆ ಯಾವಾಗಲೂ ಭ್ರಮೆ."

ಥರ್ಮಾಮೀಟರ್ ಇಟ್ಟೆ. ನೂರಾ ಎರಡು. ಅಕ್ಕನಿಗೆ ತೋರಿಸಿದೆ. ಅವಳು ಅದನ್ನು ನೋಡಲಿಲ್ಲ, ತನ್ನ ಕೈ ನೋಡಿಕೊಂಡಳು.

ಆರು ವರ್ಷದ ಹಿಂದೆ ಉರಿಯುವ ಕೊಂಬೆ ಬಿದ್ದು ಸುಟ್ಟಿದ್ದ ಕೈ ಅದು. ತೊಡೆಯ ಚರ್ಮ ತೆಗೆದು ಹೊಲಿದಿದ್ದರು. ಹೊಳೆಯುವ ಆ ನುಣುಪು ಚರ್ಮವನ್ನು ಇಟ್ಟುಕೊಂಡು ನಾವು ಎಷ್ಟೋ ತಮಾಷೆ ಮಾಡಿದ್ದೇವೆ. ಅದಕ್ಕೆ ಬಿಸಿ ಗೊತ್ತಾಗುತ್ತದೆಯೇ ಎಂದು ನಾನೂ ಕೇಳಿರಲಿಲ್ಲ, ಅವಳೂ ಕೇಳಿಕೊಂಡಿರಲಿಲ್ಲ. ನೋಡುವ ಕೆಲಸವೆಲ್ಲ ಬಲಗೈಯದಾಗಿತ್ತು.

ಅಕ್ಕ ಎಡಗೈಯ ಹಿಂಬದಿಯನ್ನು ಟೀ ಲೋಟಕ್ಕೆ ಒತ್ತಿದಳು. ತೆಗೆಯಲಿಲ್ಲ. ಆಮೇಲೆ ಅದೇ ಲೋಟಕ್ಕೆ ಕೆನ್ನೆ ತಾಗಿಸಿದಳು. ಚಕ್ಕನೆ ಹಿಂದೆ ಸರಿದಳು.

"ಅಯ್ಯೋ, ಮೇಲಿದ್ದಾರಲ್ಲೇ ಅವರು."

ಬೆಂಕಿ ಇಳಿಜಾರು ಹತ್ತುವಾಗ ಓಡುತ್ತದೆ ಎಂದು ಅವಳೇ ನನಗೆ ಹೇಳಿಕೊಟ್ಟವಳು. ದಿನವೂ ಒಂದೂವರೆಯಾಗುತ್ತಲೇ ಕಣಿವೆಯಿಂದ ಮೇಲಕ್ಕೆ ಗಾಳಿ ಏಳುತ್ತದೆ. ಗೆರೆಯ ಅಂಚಿನಲ್ಲಿ ಒಂದು ಬೇರು ಉಳಿದಿದ್ದರೂ ಸಾಕು.

ವಾಕಿಟಾಕಿಗೆ ಸಿಗ್ನಲ್ ಸಿಗುವುದು ಮಹಡಿಯ ಮೇಲೆ. ಪುಟ್ಟಿಯನ್ನು ಹೆಗಲಿಗೆ ಹಾಕಿಕೊಂಡು ನಾನೂ ಹತ್ತಿದೆ. ಗೆರೆಯಲ್ಲಿ ಬೆಂಕಿ ಉಳಿದಿರಬಹುದು ಎಂದು ಅಕ್ಕ ಮೊದಲು ಅರಣ್ಯ ಠಾಣೆಗೆ ಹೇಳಿದಳು. ಅಲ್ಲಿನ ಸಾಹೇಬರ ದನಿ ಬಂತು: "ಜೀಪು ಕಳಿಸ್ತೀನಿ. ತಲುಪಕ್ಕೆ ಮುಕ್ಕಾಲು ಗಂಟೆ ಆಗುತ್ತೆ. ಏನಾಯ್ತಮ್ಮಾ, ನೀನೇ ನೋಡಿದ್ದಲ್ವಾ?"

"ನಾನು ನೋಡಿದ್ದು ಲೆಕ್ಕಕ್ಕಿಲ್ಲ ಸಾರ್. ನನ್ನ ಎಡಗೈಗೆ ಬಿಸಿ ಗೊತ್ತಾಗಲ್ಲ. ಹಾಗೇ ಬರ್ಕೊಳ್ಳಿ."

ಆಮೇಲೆ ತಂಡವನ್ನು ಕರೆದಳು. ಉತ್ತರವಿಲ್ಲ. ಮೂರು ದಿನದ ಬಳಕೆಯಿಂದ ಬ್ಯಾಟರಿ ಇಳಿದಿದೆ, ಉಳಿಸಿಕೊಳ್ಳಲು ಅರ್ಧ ಗಂಟೆಗೊಮ್ಮೆ ಮಾತ್ರ ಸೆಟ್ ಹಾಕಿ ಎಂದು ಅವಳೇ ಹೇಳಿ ಬಂದಿದ್ದಳು. ಆಗ ಒಂದೂ ಹದಿನೆಂಟು. ಗುಡ್ಡದ ಮೇಲೆ ಮೊಬೈಲ್ ಕೆಲಸ ಮಾಡುವುದಿಲ್ಲ.

ಹನ್ನೆರಡು ನಿಮಿಷ. ನಾನು ಕೆಳಗೆ ಓಡಿ ಪುಟ್ಟಿಗೆ ಜ್ವರದ ಔಷಧಿ ಹಾಕಿ, ಒದ್ದೆ ಬಟ್ಟೆ ತಂದೆ. ಅಕ್ಕ ಕರೆಯುತ್ತಲೇ ಇದ್ದಳು, ಒಂದೇ ದನಿಯಲ್ಲಿ, ನಿಲ್ಲಿಸದೆ. ಒಣಹಾಕಿದ ಪುಟ್ಟಿಯ ಲಂಗೋಟಿಗಳು ಹಗ್ಗದ ಮೇಲೆ ನೇರವಾಗಿ ಇಳಿಬಿದ್ದಿದ್ದವು. ನಾನು ಗುಡ್ಡ ನೋಡಲಿಲ್ಲ, ಅವನ್ನೇ ನೋಡುತ್ತಿದ್ದೆ. ಕೊನೆಯ ಲಂಗೋಟಿಯ ತುದಿ ಅಲುಗಿತು. ಆಮೇಲೆ ಸಾಲಾಗಿ ಎಲ್ಲವೂ.

"ಅಕ್ಕಾ, ಗಾಳಿ."

"ಕಾಣ್ತಿದೆ. ಸುಮ್ನಿರು."

ಒಂದೂವರೆಗೆ ಸೆಟ್ಟು ಕರಕರ ಎಂದಿತು. ತಂಡದಲ್ಲಿ ಎಲ್ಲರಿಗಿಂತ ಹಿರಿಯನನ್ನು ತಾತ ಎನ್ನುತ್ತಾರೆ, ಅವನ ದನಿ. "ಏನ್ ಬೂದಿಯಕ್ಕಾ, ಒಂದ್ ಗಳಿಗೆ ಮಲಗಕ್ಕೂ ಬಿಡಲ್ವಾ?"

"ತಾತಾ, ಎದ್ದೇಳಿ ಎಲ್ಲರೂ. ಸಾಮಾನು ಅಲ್ಲೇ ಬಿಡಿ. ಗೆರೆ ದಾಟಿ ಸುಟ್ಟ ಕಡೆಗೆ ಇಳೀರಿ. ಪೂರ್ತಿ ಕರ್ರಗಿರೋ ಜಾಗದ ನಡುವೆ ನಿಂತ್ಕೊಳ್ಳಿ, ಅಲ್ಲಿ ಉರಿಯಕ್ಕೆ ಏನೂ ಉಳಿದಿಲ್ಲ."

"ತಣ್ಣಗಿದೆ ಅಂದೆಯಲ್ಲಕ್ಕಾ ನೀನು?"

"ತಪ್ಪು ಹೇಳ್ದೆ. ಇಳೀರಿ!"

ತಾತ ಮತ್ತೆ ಪ್ರಶ್ನೆ ಕೇಳಲಿಲ್ಲ. ಗುಡ್ಡದ ಮಧ್ಯದಲ್ಲಿ, ನಾನು ಉಗುರು ಎತ್ತಿ ಹಿಡಿದರೆ ಮುಚ್ಚಿಹೋಗುವಷ್ಟು ಚಿಕ್ಕದಾಗಿ, ಹೊಗೆಯ ಒಂದು ಬಿಳಿ ಎಳೆ ಎದ್ದಿತು. ನೋಡನೋಡುತ್ತಿದ್ದಂತೆ ಅದು ದಪ್ಪಗಾಯಿತು, ಕಂದು ಬಣ್ಣಕ್ಕೆ ತಿರುಗಿತು, ಮೇಲಕ್ಕೆ ಬಾಗಿತು. ಅಕ್ಕ ನನ್ನ ಕಡೆ ತಿರುಗದೆ ಪುಟ್ಟಿಯ ಪಾದ ಹಿಡಿದುಕೊಂಡಳು.

"ಎಣಿಸಿ," ಎಂದಳು ಸೆಟ್ಟಿಗೆ. "ಒಬ್ಬೊಬ್ಬರೇ."

"ಒಂದು." ಅದು ತಾತ. "ಎರಡು." "ಮೂರು."

ಆಮೇಲೆ ಬರೀ ಗಾಳಿಯ ಸದ್ದು.

"ನಾಲ್ಕು ಎಲ್ಲಿ? ಕನ್ನಡಕ ಎಲ್ಲಿ?"

"ನೀರಿನ ಕ್ಯಾನ್ ತರ್ತೀನಿ ಅಂತ ವಾಪಸ್ ಹೋದಳಕ್ಕಾ. ಬೇಡ ಅಂದೆ, ಕೇಳಲಿಲ್ಲ."

ಅಕ್ಕ ಕಣ್ಣು ಮುಚ್ಚಿದಳು. ಎಷ್ಟು ಹೊತ್ತು ಎಂದು ನನಗೆ ಗೊತ್ತಿಲ್ಲ. ಎಲ್ಲಕ್ಕೂ ಗಂಟೆ ಬರೆದಿಡುವವಳು ನಾನು, ಅದನ್ನು ನೋಡಲಿಲ್ಲ. ಕೊನೆಗೆ ಯಾರೋ ಕೆಮ್ಮುವುದು ಕೇಳಿತು, ಕೆಮ್ಮಿನ ನಡುವೆಯೇ ಒಂದು ಹೆಣ್ಣು ದನಿ: "ನಾಲ್ಕು. ಕ್ಯಾನ್ ಸಿಗ್ಲಿಲ್ಲಕ್ಕಾ."

"ಕ್ಯಾನ್ ಮನೆ ಹಾಳಾಗ! ಕೆಳಗೆ ಬಾ, ನಿನಗಿದೆ," ಎಂದಳು ಅಕ್ಕ. ಆಮೇಲೆ ಮಹಡಿಯ ನೆಲದ ಮೇಲೆ ಹಾಗೇ ಕುಳಿತುಬಿಟ್ಟಳು.

ಅವರು ಮಲಗಿದ್ದ ನೆರಳು ಈಗ ಇಲ್ಲ. ಇನ್ನೆರಡು ತಂಡ ಸೇರಿ ಸಂಜೆಯ ಹೊತ್ತಿಗೆ ಬೆಂಕಿಯನ್ನು ಹಿಡಿದವು. ಈ ಬೇಸಿಗೆ ಮುಗಿಯುವವರೆಗೆ ಅಕ್ಕ ಗೆರೆಯ ಮೇಲೆ ನಡೆಯುವ ಹಾಗಿಲ್ಲ, ಠಾಣೆಯ ಸೆಟ್ಟಿನ ಮುಂದೆ ಕೂರಬೇಕು. ಇನ್ನು ಮುಂದೆ ಎಲ್ಲ ತಂಡಗಳಲ್ಲೂ ಇಬ್ಬರು ಕೈಯಿಟ್ಟು ನೋಡದೆ ‘ತಣ್ಣಗಿದೆ’ ಎನ್ನುವಂತಿಲ್ಲ. ಈ ಎರಡನೆಯ ನಿಯಮ ಮಾಡಿ ಎಂದು ಸಾಹೇಬರಿಗೆ ಹೇಳಿದವಳು ಅಕ್ಕನೇ.

ಆರು ಗಂಟೆಗೆ ತಾತ ಬಂದ. ಮೈಯೆಲ್ಲ ಮಸಿ, ಹೊಸಿಲು ದಾಟಲಿಲ್ಲ. "ಮಗು ಹೇಗಿದೆ?" ಎಂದ.

ಅಕ್ಕನ ಎಡಗೈ ತಾನಾಗಿಯೇ ಪುಟ್ಟಿಯ ಹಣೆಯ ಕಡೆ ಹೋಯಿತು. ಅರ್ಧದಲ್ಲಿ ನಿಂತಿತು. ಅವಳು ಬಗ್ಗಿ ಕೆನ್ನೆ ಇಟ್ಟಳು. "ಸ್ವಲ್ಪ ಇದೆ ಇನ್ನೂ."

"ತಡಿ, ನಾನೂ ನೋಡ್ತೀನಿ. ಇನ್ಮೇಲೆ ಇಬ್ಬರು ಬೇಕಲ್ಲ," ಎಂದ ತಾತ. "ಸೋಪು ಕೊಡಮ್ಮಾ."

ಅಂಗಳದ ನಲ್ಲಿಯಲ್ಲಿ ಮೂರು ಸಲ ತೊಳೆದ, ಮೊಣಕೈವರೆಗೆ. ಒರೆಸಿಕೊಂಡು ಬಂದು, ಕೈಯ ಹಿಂಬದಿಯನ್ನು ಮೆಲ್ಲಗೆ ಪುಟ್ಟಿಯ ಹಣೆಗೆ ತಾಗಿಸಿದ. ಅಕ್ಕ ಅವನ ಮುಖವನ್ನೇ ನೋಡುತ್ತಿದ್ದಳು.

"ಹೌದಕ್ಕಾ. ಇನ್ನೂ ಆರಿಲ್ಲ."

ಆರೂ ಹತ್ತು. ತೊಂಬತ್ತೊಂಬತ್ತೂವರೆ.